ಸುತ್ತ ಜಾಗ ಬಿಡ್ರಿ

ಹತ್ತಿರ ಹೋಗಿ. ಹೋದಿರಾ? ಇನ್ನೂ ಎರಡು ಹೆಜ್ಜೆ ಹೋಗಿ, ಆಮೇಲೆ ಕ್ಲಿಕ್ ಮಾಡಿ. ಪ್ರತಿ ಶುಕ್ರವಾರ ನಾನು ಕಳಿಸುತ್ತಿದ್ದ ಇಮೇಲ್‌ಗಳಲ್ಲಿ ಮೊಟ್ಟಮೊದಲ ಸಲಹೆ ಇದೇ. ನಮ್ಮವರು ತೆಗೆಯುತ್ತಿದ್ದ ಫೋಟೋಗಳನ್ನು ನೋಡಿ ನೋಡಿ ತಲೆ ಕೆಟ್ಟು ಬರೆದದ್ದು. ಸತ್ಯನಾರಾಯಣ ಪೂಜೆಗೆ ಕೂತ ದಂಪತಿ ಫೋಟೋದ ಮಧ್ಯದಲ್ಲಿ ಬೆರಳುದ್ದ ಇರುತ್ತಿದ್ದರು. ಮಿಕ್ಕಿದ್ದೆಲ್ಲ ಕಾರ್ಪೆಟ್ಟು, ಸೀಲಿಂಗು, ಮೂಲೆಯಲ್ಲಿ ಅರ್ಧ ಸೋಫಾ. ಫೋಟೋ ತೆಗೆಯುವುದು ಮುಖ ನೋಡುವುದಕ್ಕೆ ಕಣ್ರೀ, ಸೋಫಾ ನೋಡುವುದಕ್ಕಲ್ಲ ಎಂದು ಬರೆದಿದ್ದೆ. ಚಿಕಾಗೋ ಸುತ್ತಿನ ಸಬರ್ಬ್‌ಗಳಿಂದ ಡೆಟ್ರಾಯಿಟ್ ಕಡೆಯವರೆಗೂ ಆ ಇಮೇಲ್ ಒಬ್ಬರಿಂದ ಒಬ್ಬರಿಗೆ ಹೋಯಿತು. ಹಾಗೆ ಬೈಸಿಕೊಂಡವರೇ ನನ್ನ ಗಿರಾಕಿಗಳಾದರು.

ಅದಕ್ಕೂ ಮೊದಲು ನಾನು ಲೈಲ್‌ನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಬೇರೆಯವರ ತಪ್ಪು ಹುಡುಕುವ ಕೆಲಸ, ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ರಿಸೆಷನ್ನಿನ ಮೊದಲ ಚಳಿಗಾಲದಲ್ಲೇ ನಮ್ಮ ಇಡೀ ಟೀಮನ್ನು ಒಂದು ರೂಮಿಗೆ ಕರೆದು ಮನೆಗೆ ಕಳಿಸಿದರು. ಗಂಡನಿಗೆ ಎಲ್ಕ್ ಗ್ರೋವ್ ವಿಲೇಜಿನ ಒಂದು ವೇರ್‌ಹೌಸ್ ಕಂಪನಿಯಲ್ಲಿ ಕೆಲಸ ಉಳಿದಿತ್ತು. ಅಲ್ಲೂ ಶುಕ್ರವಾರ ಮಧ್ಯಾಹ್ನವಾದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲವಂತೆ, ಕೆಲಸದಿಂದ ತೆಗೆದು ಕಳಿಸುವುದೆಲ್ಲ ಶುಕ್ರವಾರವೇ ಆದ್ದರಿಂದ. ಮನೆಯಲ್ಲಿ ಕೂತು ಹುಚ್ಚು ಹಿಡಿಸಿಕೊಳ್ಳುವುದು ಬೇಡವೆಂದು, ಹವ್ಯಾಸಕ್ಕೆ ಕೊಂಡಿದ್ದ ಕ್ಯಾಮೆರಾವನ್ನೇ ಹೆಗಲಿಗೆ ಹಾಕಿಕೊಂಡು ಹೊರಟೆ.

ಶುರುವಿನಲ್ಲಿ ಬಂದದ್ದೆಲ್ಲ ಒಳ್ಳೆಯ ಕೆಲಸಗಳೇ. ಸೀಮಂತ, ನಾಮಕರಣ, ಲೆಮಾಂಟ್ ದೇವಸ್ಥಾನದಲ್ಲಿ ಅಕ್ಷರಾಭ್ಯಾಸ, ಸಬ್‌ಡಿವಿಷನ್ ಎನ್ನುವ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶ. ನಾನು ಕಲಿತದ್ದನ್ನೆಲ್ಲ ಶುಕ್ರವಾರ ಬರೆದು ಕಳಿಸುತ್ತಿದ್ದೆ. ಫ್ಲ್ಯಾಶ್ ಆರಿಸಿ, ಕಿಟಕಿಯ ಪಕ್ಕಕ್ಕೆ ಬನ್ನಿ. ಮಗುವಿನ ಫೋಟೋ ಬೇಕಾದರೆ ಮಂಡಿಯೂರಿ, ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. "ನಗಿ, ನಗಿ" ಎಂದು ಪ್ರಾಣ ತಿನ್ನಬೇಡಿ, ನಿಮ್ಮಿಬ್ಬರಲ್ಲಿ ಯಾರು ಚೆನ್ನಾಗಿ ಅಡುಗೆ ಮಾಡ್ತೀರ ಎಂದು ಕೇಳಿ, ತಾವಾಗಿ ನಗುತ್ತಾರೆ. ಸ್ನೋ ಇದ್ದ ದಿನ ಕ್ಯಾಮೆರಾ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಕೊಡಿ, ಇಲ್ಲದಿದ್ದರೆ ಬಿಳಿ ಹಿಮ ಬೂದಿಯ ಬಣ್ಣಕ್ಕೆ ಬರುತ್ತದೆ.

ಒಂದು ವಿಷಯಕ್ಕೆ ಮಾತ್ರ ಯಾವ ಸಲಹೆಯೂ ನಡೆಯುತ್ತಿರಲಿಲ್ಲ. ನಮ್ಮವರಲ್ಲಿ ಮೂರು ಜನ ಒಂದೇ ಫೋಟೋದಲ್ಲಿ ನಿಲ್ಲುವಂತಿಲ್ಲ, ನಿಂತರೆ ಒಬ್ಬರಿಗೆ ಕೇಡು. ಗಂಡ, ಹೆಂಡತಿ, ಒಂದೇ ಮಗು ಇರುವ ಮನೆಯಲ್ಲಿ ನಾನು ಕ್ಯಾಮೆರಾ ಎತ್ತಿದ ಕೂಡಲೇ ಅಡುಗೆಮನೆಯಿಂದ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಅಜ್ಜಿ ಇಲ್ಲದ ಮನೆಯಲ್ಲಿ ಟೆಡ್ಡಿ ಬೇರ್. "ಅಮ್ಮಾ, ದಿಸ್ ಈಸ್ ಸೋ ವಿಯರ್ಡ್," ಎಂದು ಮಕ್ಕಳು ಗೊಣಗುತ್ತಿದ್ದರು. ಹೃದಯ ಬಿಚ್ಚಿ ಹೊಲಿಯುವ ಸರ್ಜನ್ ಒಬ್ಬರು ಟೆಡ್ಡಿ ಬೇರ್‌ನ ಮುಖ ಕ್ಯಾಮೆರಾ ಕಡೆಗಿದೆಯೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದರು. ನಾನು ನಗುತ್ತಿದ್ದೆ. ಆದರೆ ನನ್ನ ಮನೆಯಲ್ಲೂ ಮೂರು ಜನರ ಫೋಟೋ ಒಂದೂ ಇಲ್ಲ.

ಎರಡನೇ ವರ್ಷದ ಹೊತ್ತಿಗೆ ಫೋನಿನಲ್ಲಿ ಕೇಳುವ ದನಿಗಳೇ ಬದಲಾದವು. ಗೃಹಪ್ರವೇಶ ನಿಂತೇಹೋಯಿತು. ಅದೇ ಮನೆಗಳನ್ನು ಮಾರಾಟಕ್ಕಿಡಲು ಫೋಟೋ ತೆಗೆದುಕೊಡಿ ಎಂದು ಕರೆಯುತ್ತಿದ್ದರು. ಇಲ್ಲವೇ ಗಂಡಸರು ಮೆಲ್ಲಗೆ, "ಒಂದು ಹೆಡ್‌ಶಾಟ್ ಬೇಕಿತ್ತು, ಬರೀ ಮುಖದ ಫೋಟೋ, ಕೆಲಸಕ್ಕೆ ಅಪ್ಲೈ ಮಾಡ್ತಿದೀನಿ, ಯಾರಿಗೂ ಹೇಳ್ಬೇಡಿ," ಎನ್ನುತ್ತಿದ್ದರು. ಯಾರ ಕೆಲಸ ಹೋಯಿತೆಂದು ಅವರ ಅತ್ತೆ ಮಾವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ. ಆದರೆ ನನ್ನ ವ್ಯಾನು ಸುಮ್ಮನಿರಬೇಕಲ್ಲ? ಆ ನೀಲಿ ವ್ಯಾನು ಯಾರ ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತರೂ ಸಂಜೆಯೊಳಗೆ ಸಬ್‌ಡಿವಿಷನ್ನಿಗೆಲ್ಲ ಸುದ್ದಿ.

ಮೊದಮೊದಲು ತಮಾಷೆಗೆ ಅನ್ನುತ್ತಿದ್ದರು. "ಏನ್ರೀ, ನಮ್ಮ ಮನೆ ಕಡೆ ಬರ್ಬೇಡಿ ಮಾರಾಯ್ತಿ!" ಆಮೇಲೆ ತಮಾಷೆಯ ಪಾಲು ಕಡಿಮೆಯಾಗುತ್ತ ಬಂತು. ಯುಗಾದಿಯ ಊಟದಲ್ಲಿ ನಾನು ತಟ್ಟೆ ಹಿಡಿದು ಕೂತ ಬೆಂಚಿನಿಂದ ಒಬ್ಬಾಕೆ ಮಗುವಿನ ನೆಪ ಹೇಳಿ ಎದ್ದುಹೋದಳು. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಒಬ್ಬರು ನನ್ನ ವ್ಯಾನಿನ ಪಕ್ಕದ ಖಾಲಿ ಜಾಗ ಬಿಟ್ಟು ದೂರ ಹೋಗಿ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡೆ. ಎಂಥ ಕೋಪ ಬಂತೆಂದರೆ, ಅವರ ಕಾರಿನ ಪಕ್ಕಕ್ಕೇ ಹೋಗಿ ವ್ಯಾನು ನಿಲ್ಲಿಸಿ ಒಳಗೆ ಹೋದೆ. ಮರುವಾರ ಅವರಿಂದಲೇ ಫೋನು ಬಂತು, ಹೆಡ್‌ಶಾಟಿಗೆ. ನಾನು ಗೆದ್ದೆ ಎಂದು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಆ ಚಳಿಗಾಲದಲ್ಲೇ ಡೆಟ್ರಾಯಿಟ್ ಕಡೆಯ ನೋವೈಯಿಂದ ಕರೆ ಬಂದದ್ದು. ಊರಿನ ಹೆಸರಲ್ಲೇ ನೋವಿದೆ ಎಂದು ಅಲ್ಲಿನ ಕನ್ನಡದವರೇ ಹಾಸ್ಯ ಮಾಡಿಕೊಳ್ಳುತ್ತಾರೆ. ಮಾತಾಡಿದ್ದು ಹೆಂಗಸು, ಧಾರವಾಡದ ಕಡೆಯವರು. ಗಂಡ ಕಾರಿನ ಬಿಡಿಭಾಗಗಳ ಡಿಸೈನ್ ಇಂಜಿನಿಯರ್, ಬೇಸಿಗೆಯಲ್ಲೇ ಕೆಲಸ ಹೋಗಿದೆ. ಮನೆ ಮಾರಾಟಕ್ಕಿಡಬೇಕು, ಅವರಿಗೊಂದು ಹೆಡ್‌ಶಾಟೂ ಬೇಕು. "ನಿಮ್ಮ ಶುಕ್ರವಾರದ ಇಮೇಲ್ ಇಬ್ಬರೂ ಓದ್ತೀವ್ರಿ ಅಕ್ಕಾರ," ಅಂದರು. ಅಷ್ಟು ದೂರ ಯಾರೂ ಕರೆಯುತ್ತಿರಲಿಲ್ಲ, ಹೊಗಳಿಕೆಗೆ ಬಿದ್ದು ಒಪ್ಪಿಕೊಂಡೆ.

ಆ ಬೀದಿಯಲ್ಲಿ ಯಾವ ಮನೆ ಖಾಲಿ ಎಂದು ಬೋರ್ಡು ನೋಡದೆಯೇ ಗೊತ್ತಾಗುತ್ತಿತ್ತು. ಖಾಲಿ ಮನೆಗಳ ಡ್ರೈವ್‌ವೇಯಲ್ಲಿ ಹಿಮ ಬಿದ್ದ ಹಾಗೇ ಇರುತ್ತದೆ, ಟೈರಿನ ಗುರುತಿಲ್ಲ, ಹೆಜ್ಜೆಯ ಗುರುತಿಲ್ಲ. ಆದರೆ ಇವರ ಮನೆಯ ಎರಡೂ ಪಕ್ಕದ ಡ್ರೈವ್‌ವೇಗಳು ಚೊಕ್ಕಟವಾಗಿದ್ದವು, ಆ ಮನೆಗಳ ಬಾಗಿಲ ಮೇಲೆ ಬ್ಯಾಂಕಿನ ಜಪ್ತಿ ನೋಟಿಸು ಅಂಟಿಸಿದ್ದರೂ. ಅವುಗಳ ಹಿಮವನ್ನೂ ತಾನೇ ತೆಗೆಯುತ್ತೇನೆಂದು ಆ ಮನುಷ್ಯ ಹೇಳಿದರು. ನಲವತ್ತು ದಾಟಿದ, ತೆಳ್ಳಗಿನ, ಮೆತ್ತಗೆ ಮಾತಾಡುವ ಆಸಾಮಿ. "ಎರಡೂ ಬಾಜೂ ಖಾಲಿ ಅದಾವ ಅಂತ ಗೊತ್ತಾದ್ರ ನಮ್ಮ ಮನಿ ನೋಡಾಕ ಬಂದವರು ಕಾರ್ ಇಳಿಯಂಗಿಲ್ರಿ."

ಒಳಗೆ ಗೋಡೆಗಳೆಲ್ಲ ಬೋಳು. ಮನೆ ಮಾರಿಸಿಕೊಡುವ ಏಜೆಂಟು ದೇವರ ಫೋಟೋ, ಸಂಸಾರದ ಫೋಟೋ ಎಲ್ಲ ತೆಗೆಸಿದ್ದಳಂತೆ, ಕೊಳ್ಳುವವರಿಗೆ ಇದು ತಮ್ಮ ಮನೆ ಅನ್ನಿಸಬೇಕೆಂದು. ಮೊಳೆಗಳು ಮಾತ್ರ ಉಳಿದಿದ್ದವು. ನಾನು ಎಲ್ಲ ದೀಪ ಹಾಕಿಸಿ, ಟಾಯ್ಲೆಟ್ಟಿನ ಮುಚ್ಚಳ ಮುಚ್ಚಿಸಿ, ಕ್ಯಾಮೆರಾ ಎದೆಮಟ್ಟಕ್ಕೆ ಇಳಿಸಿ ಒಂದೊಂದೇ ಕೋಣೆ ತೆಗೆದೆ. ನೀವೂ ಮನೆ ಮಾರುವುದಾದರೆ ಹಾಗೇ ಮಾಡಿ, ಕೋಣೆ ದೊಡ್ಡದಾಗಿ ಕಾಣುತ್ತದೆ. ಹೆಡ್‌ಶಾಟೂ ಆಯಿತು: ಕೋಟು, ಒಂದು ಭುಜ ಸ್ವಲ್ಪ ಮುಂದೆ, ಆತ್ಮವಿಶ್ವಾಸದ ನಗು. ಹೆಂಡತಿ ಮಗಳನ್ನು ಸ್ಕೂಲಿನಿಂದ ಕರೆತರಲು ಹೊರಟರು.

ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಗಂಡ ಕಿಟಕಿಯಲ್ಲಿ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ಫೋಟೋ ತಗೀತೀರೇನ್ರಿ ಅಕ್ಕಾರ? ನಂದೊಬ್ಬಂದು," ಅಂದರು. ಮೇಲೆ ಹೋಗಿ ಬಂದಾಗ ಬಿಳಿ ಅಂಗಿಯ ಮೇಲೆ ಜರಿಯಂಚಿನ ಶಲ್ಯ ಹೊದ್ದಿದ್ದರು, ಹಣೆಯಲ್ಲಿ ಕುಂಕುಮ. ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಹೊರಗಿನ ಹಿಮದ ಬೆಳಕು ಒಳಗೆ ಬಂದು ಮುಖ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನಾನು ಅಭ್ಯಾಸಬಲದಿಂದ ಹತ್ತಿರ ಹೋದೆ.

"ಅಷ್ಟ ಹತ್ರ ಬ್ಯಾಡ್ರಿ. ಸುತ್ತ ಜಾಗ ಬಿಡ್ರಿ."

"ನನ್ನ ಇಮೇಲ್ ಓದ್ತೀವಿ ಅಂದ್ರಲ್ಲ ನಿಮ್ಮನೆಯವ್ರು? ಏನು ಓದಿದ್ರಿ ಮತ್ತೆ?"

"ಓದೀನ್ರಿ. ಈ ಫೋಟೋಕ್ಕ ಮಾತ್ರ ಜಾಗ ಬೇಕ್ರಿ. ಎರಡೂ ಕಡೆ, ಕೆಳಗೂ ಒಂಚೂರು."

ಮೈ ಓರೆ ಮಾಡಿ ಕೂರಿ ಅಂದರೆ ಬೇಡವೆಂದರು, ನೆಟ್ಟಗೆ ಕೂತರು. ಪಕ್ಕಕ್ಕೆ ನೋಡಿ ಅಂದರೆ ಅದಕ್ಕೂ ಬೇಡ. "ಯಾವ ಕಡೆ ನಿಂತು ನೋಡಿದ್ರೂ ಅವರನ್ನ ನಾ ನೋಡಿದಂಗ ಇರ್ಬೇಕ್ರಿ," ಅಂದರು. ದೊಡ್ಡ ಪ್ರಿಂಟು, ಗಾಜಿನ ಫ್ರೇಮು, ಹಿಂದೆ ಗಟ್ಟಿ ಹುಕ್ಕು. ಹೆಂಡತಿಗೆ ಹೇಳಬಾರದು, ತನ್ನ ಕೈಗೇ ಕೊಡಬೇಕು. ಮದುವೆಯ ವಾರ್ಷಿಕೋತ್ಸವಕ್ಕೇನೋ ಗುಟ್ಟಾಗಿ ಉಡುಗೊರೆ ಇರಬೇಕೆಂದುಕೊಂಡೆ. ಕೆಲಸವಿಲ್ಲದ ಗಂಡ ಹೆಂಡತಿಗೆ ತನ್ನದೇ ದೊಡ್ಡ ಫೋಟೋ ಕೊಡುವುದೆಂದರೆ ಎಂಥ ಜಂಬ ಎಂದು ಒಳಗೊಳಗೇ ನಕ್ಕೆ ಕೂಡ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ, ಕಲಮಜೂ ಊರಿನ ಹತ್ತಿರ ಹಿಮಗಾಳಿ ಎದ್ದು ಮುಂದಿನ ಟ್ರಕ್ಕಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದಾಯಿತು. ದಾರಿಯುದ್ದಕ್ಕೂ ಏನೋ ತಪ್ಪಾಗಿದೆ ಅನ್ನಿಸುತ್ತಲೇ ಇತ್ತು. ಲೆನ್ಸ್ ಕ್ಯಾಪ್ ಮರೆತೆನೇ, ಕಾರ್ಡ್ ಬಿಟ್ಟೆನೇ ಎಂದು ಒಂದು ಎಕ್ಸಿಟ್‌ನಲ್ಲಿ ಇಳಿದು ಬ್ಯಾಗು ನೋಡಿದೆ. ಎಲ್ಲ ಇತ್ತು.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆ ಫೋಟೋ ತೆರೆದೆ. ಕಣ್ಣು ಸೂಜಿಮೊನೆಯಷ್ಟು ಸ್ಪಷ್ಟವಾಗಿ ಬಂದಿತ್ತು. ನಾನು ತೆಗೆದ ಮುಖಗಳಲ್ಲಿ ಅದಕ್ಕಿಂತ ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸಿದರೆ ಹೇಗೆಂದು ನೋಡುತ್ತಿದ್ದೆ. ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಕಾಫಿ ಲೋಟ ಹಿಡಿದು ಹಿಂದಿನಿಂದ ಹಾದುಹೋಗುತ್ತಿದ್ದವರು ನಿಂತರು.

"ಅಯ್ಯೋ ಪಾಪ, ಇನ್ನೂ ಚಿಕ್ಕ ವಯಸ್ಸು," ಅಂದರು. "ಯಾವಾಗ ಹೋದ್ರಂತೆ? ಏನಾಗಿತ್ತು?"

"ಯಾರು ಹೋದ್ರು?"

"ಮತ್ತೆ ಇದು ಹಾರ ಹಾಕೋ ಫೋಟೋ ಅಲ್ವೇನೇ?"

ಫೋಟೋವನ್ನು ಮತ್ತೊಮ್ಮೆ ನೋಡಿದೆ. ಎರಡೂ ಕಡೆ ಜಾಗ, ಕೆಳಗೂ ಒಂಚೂರು. ಹಾರ ಇಳಿಬಿಟ್ಟಾಗ ಮುಖ ಮುಚ್ಚಬಾರದು. ಹುಕ್ಕು ಹೂವಿನ ಭಾರ ತಡೆಯಬೇಕು. ಹಜಾರದಲ್ಲಿ ಯಾವ ಕಡೆಯಿಂದ ನೋಡಿದರೂ ನಮ್ಮನ್ನೇ ನೋಡುವ ಅಂಥ ಫೋಟೋಗಳ ಕೆಳಗೇ ಕೂತು ನಾನು ಬೆಳೆದವಳು. ಇಲ್ಲಿನ ಯಾವ ಫೋಟೋಗ್ರಾಫರಿಗೂ ಅದು ತಿಳಿಯುವುದು ಸಾಧ್ಯವಿರಲಿಲ್ಲ, ನನಗೆ ತಿಳಿಯಬೇಕಿತ್ತು. ಅತ್ತೆಗೆ ಏನೂ ಹೇಳದೆ ಫೋನು ತೆಗೆದುಕೊಂಡು ಗರಾಜಿಗೆ ಹೋದೆ.

ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಆ ಮನುಷ್ಯನೇ ಎತ್ತಿದರು. ಫೋಟೋ ಸ್ವಲ್ಪ ಅಲ್ಲಾಡಿದೆ, ಇನ್ನೊಮ್ಮೆ ತೆಗೆಯಬೇಕು ಎಂದು ಸುಳ್ಳು ಹೇಳಿದೆ. "ಇನ್ನೊಮ್ಮೆ ಅಂದ್ರ ಯಾವಾಗ್ರಿ? ಇದ್ದದ್ದರಾಗ ಛಲೋ ಇದ್ದದ್ದ ಕೊಟ್ಬಿಡ್ರಿ, ತಡ ಮಾಡಬ್ಯಾಡ್ರಿ," ಅಂದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

"ನೋಡಿ, ನಮ್ಮತ್ತೆ ನಿಮ್ಮ ಫೋಟೋ ನೋಡಿ ಯಾವಾಗ ಹೋದ್ರು ಅಂತ ಕೇಳಿದ್ರು. ಏನು ಮಾಡ್ಕೋಬೇಕು ಅಂತಿದೀರಾ ನೀವು? ನಿಜ ಹೇಳಿ!"

ಅವರು ನಕ್ಕರು. "ನೀವು ತಿಳ್ಕೊಂಡಂಗ ಅಲ್ರಿ ಅಕ್ಕಾರ. ನಾ ಸಾಯಾಕ ಹೊಂಟಿಲ್ಲ. ಬಂದ್ರ ಇರ್ಲಿ ಅಂತ ತಯಾರಿ, ಅಷ್ಟ."

ಹಿಮ ತೆಗೆಯುವಾಗ ಎದೆ ಹಿಡಿದುಕೊಳ್ಳುತ್ತಿತ್ತಂತೆ. ಎಡಗೈಗೂ ಇಳಿಯುತ್ತಿತ್ತಂತೆ. ಮೆಟ್ಟಿಲು ಹತ್ತಿದರೂ ಈಗೀಗ ಬರುತ್ತಿತ್ತು. ಕೆಲಸದ ಜೊತೆಗೇ ಇನ್ಶೂರೆನ್ಸೂ ಹೋಗಿತ್ತು. ಆಗಿನ ಕಾಲಕ್ಕೆ ಒಮ್ಮೆ ಡಾಕ್ಟರು ಇಂಥ ರೋಗ ಎಂದು ಬರೆದುಬಿಟ್ಟರೆ, ಮೊದಲೇ ಇದ್ದ ಕಾಯಿಲೆ ಎಂದು ಮುಂದೆ ಇನ್ಶೂರೆನ್ಸಿನವರು ಕೈಯೆತ್ತಿಬಿಡುವ ಭಯವಿತ್ತು. ಅದಕ್ಕೇ ಹೊಸ ಕೆಲಸ, ಹೊಸ ಇನ್ಶೂರೆನ್ಸ್ ಬರುವವರೆಗೆ ತಡೆದುಕೊಳ್ಳುವುದೆಂದು ಲೆಕ್ಕ ಹಾಕಿದ್ದರು. ಇಂಜಿನಿಯರ್ ಅಲ್ಲವೇ, ಲೆಕ್ಕ ಎಲ್ಲ ಕಡೆಯಿಂದಲೂ ಸರಿಯಾಗಿತ್ತು. ಎದೆಯೊಂದು ಅದಕ್ಕೆ ಒಪ್ಪಬೇಕಿತ್ತು.

"ಹಂಗಾದ್ರೆ ಫೋಟೋ ಯಾಕೆ?" ಎಂದು ಕೇಳಿದೆ.

"ನಮ್ಮಪ್ಪಂದು ಒಂದೂ ಫೋಟೋ ಇರ್ಲಿಲ್ರಿ. ಹೋದ ಮ್ಯಾಲೆ ಯಾರದೋ ಮದುವಿ ಗ್ರೂಪ್ ಫೋಟೋದಾಗಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ವಿ. ಹೆಗಲ ಮ್ಯಾಲೆ ಬಾಜೂದವರ ಕೈ ಹಂಗ ಉಳೀತು. ಯಾರ ಕೈ ಅಂತ ಇವತ್ತಿಗೂ ಗೊತ್ತಿಲ್ಲ. ದಿನಾ ಆ ಕೈಗೂ ಹೂವು ಏರಿಸ್ತಾಳ ನಮ್ಮವ್ವ. ನನ್ನ ಮಗಳಿಗೆ ಹಂಗ ಆಗಬಾರ್ದ್ರಿ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ತಯಾರಿಯಂತೆ ತಯಾರಿ! ಡಾಕ್ಟರ ಹತ್ರ ಹೋಗೋದು ತಯಾರಿ ಕಣ್ರೀ, ಶಲ್ಯ ಹೊದ್ಕೊಂಡು ಕೂರೋದಲ್ಲ." ಅವರು ಸಾವಧಾನವಾಗಿ ಕೇಳಿಸಿಕೊಂಡರು. ಆಮೇಲೆ, "ಅಕಿಗೆ ಹೇಳಂಗಿಲ್ಲಂತ ಮಾತು ಕೊಡ್ರಿ," ಅಂದರು. ನಾನು ಸುಮ್ಮನಿದ್ದೆ. ಅದನ್ನೇ ಒಪ್ಪಿಗೆ ಎಂದುಕೊಂಡು, ಸ್ನೋ ಬಿದ್ದಿದೆ, ಕೆಲಸವಿದೆ ಎಂದು ಫೋನಿಟ್ಟರು.

ಗರಾಜಿನಲ್ಲಿ ಉಸಿರು ಹೊಗೆಯಾಗಿ ಬರುತ್ತಿತ್ತು. ಹೆಂಡತಿಗೆ ಫೋನು ಮಾಡಿ ಹೇಳಿದರೆ ಅವರು ಗಂಡನನ್ನು ಕೇಳುತ್ತಾರೆ, ಆ ಮನುಷ್ಯ ನಕ್ಕು, ಆ ಚಿಕಾಗೋ ಅಕ್ಕಾರಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅಷ್ಟು ಚೆನ್ನಾಗಿ ಲೆಕ್ಕ ಹಾಕಿದವರಿಗೆ ಒಂದು ಸುಳ್ಳು ದೊಡ್ಡದಲ್ಲ. ಒಳಗೆ ಬಂದೆ. ಫೋಟೋ ಇನ್ನೂ ತೆರೆದೇ ಇತ್ತು. ಏನನ್ನೂ ಕತ್ತರಿಸದೆ, ಒಂದಕ್ಷರವನ್ನೂ ಬರೆಯದೆ, ಅದನ್ನು ಹೆಂಡತಿಯ ಇಮೇಲಿಗೆ ಕಳಿಸಿದೆ. ಅವರೂ ಅಂಥ ಗೋಡೆಗಳ ಕೆಳಗೆ ಬೆಳೆದವರೇ.

ನಾನು ಕುರ್ಚಿಯಿಂದ ಎದ್ದಿರಲಿಲ್ಲ, ಫೋನು ಬಂತು.

"ಅಕ್ಕಾರ, ಇದೇನ್ರಿ ಇದು? ಇದ್ಯಾಕ ಹಿಂಗ ತಗಿಸ್ಕೊಂಡಾರ?"

"ಅವರೆಲ್ಲಿ ಈಗ?"

"ಹೊರಗ. ಸ್ನೋ ತಗೀಲಿಕತ್ತಾರ. ನಮ್ಮದು ಮುಗಿಸಿ ಬಾಜೂ ಮನೀದು."

"ಒಳಗೆ ಕರೀರಿ. ಎದೆನೋವಿದೆ ಅವರಿಗೆ, ನಿಮಗೆ ಹೇಳಿಲ್ಲ. ಮೊದಲು ಆ ಶವಲ್ ಕಿತ್ಕೊಳ್ಳಿ!"

ಫೋನು ಎಲ್ಲೋ ಕಲ್ಲಿನ ಮೇಲೆ ಬಿದ್ದ ಸದ್ದಾಯಿತು. ಬಾಗಿಲು ತೆರೆದ ಸದ್ದು. ತೆರೆದ ಬಾಗಿಲಿಂದ, ದೂರದಲ್ಲಿ, ಹಿಮ ಎತ್ತುವ ಆ ಶವಲ್ ಕಾಂಕ್ರೀಟು ಕೆರೆಯುವುದು ನನಗೆ ಕೇಳಿಸುತ್ತಿತ್ತು. ಕೆರೆಯುವುದು, ನಿಲ್ಲುವುದು, ಮತ್ತೆ ಕೆರೆಯುವುದು. "ರೀ," ಎಂದು ಕೂಗಿದರು. ಮತ್ತೊಮ್ಮೆ "ರೀ". ಶವಲ್ಲಿನ ಸದ್ದು ನಿಂತಿತು, ಮತ್ತೆ ಶುರುವಾಗಲಿಲ್ಲ. ಆಗ ಅವರು ಗಂಡನ ಹೆಸರು ಹಿಡಿದು ಕೂಗಿದರು. ಅವರ ಕಡೆಯ ಹೆಂಗಸರು ಸಾಮಾನ್ಯವಾಗಿ ಹಾಗೆ ಕೂಗುವುದಿಲ್ಲ. ಅತ್ತೆ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡಿದ್ದೆ, ಗಾಳಿ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಸತ್ತರು ಎಂದೇ ಅಂದುಕೊಂಡೆ.

ಆಮೇಲೆ ಬಹಳ ದೂರದಿಂದ, ಸ್ವಲ್ಪ ಬೇಸರದ ದನಿ: "ಬಂದೆ, ಬಂದೆ. ಯಾಕ ಹಂಗ ಒದರ್ತಿ?"

ಅವತ್ತೇ ಮಧ್ಯಾಹ್ನ ಆಸ್ಪತ್ರೆಗೆ ಎಳೆದುಕೊಂಡು ಹೋದರಂತೆ. ಹೃದಯದ ರಕ್ತನಾಳ ಎರಡು ಕಡೆ ಮುಚ್ಚಿಕೊಂಡಿತ್ತು, ಮನೆಗೆ ಕಳಿಸದೆ ಅಲ್ಲೇ ಇಟ್ಟುಕೊಂಡರು. ಅವರು ಹೆದರಿದ್ದೂ ಸುಳ್ಳಾಗಲಿಲ್ಲ. ರೋಗದ ಹೆಸರು ಕಾಗದಕ್ಕೆ ಬಿತ್ತು, ಆಸ್ಪತ್ರೆಯ ಬಿಲ್ಲಿಗೆ ಮನೆಯೂ ಹೋಯಿತು, ನಾನು ಅಷ್ಟು ಕಷ್ಟಪಟ್ಟು ತೆಗೆದ ಕೋಣೆಗಳ ಫೋಟೋ ಯಾರಿಗೂ ಬೇಕಾಗಲಿಲ್ಲ. ಬೇಸಿಗೆಯಲ್ಲಿ ಮೂವರೂ ಅಲ್ಲೇ ಹತ್ತಿರದ ಕ್ಯಾಂಟನ್‌ನ ಒಂದು ಅಪಾರ್ಟ್‌ಮೆಂಟಿಗೆ ಹೋದರು. ಗಂಡ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮಾತಾಡದಿದ್ದರೆ ಬೇಡ, ಈಗ ಅಂಥ ಹೊತ್ತು ಬಂದರೂ ಆ ಫೋಟೋವನ್ನು ಹೆಂಡತಿಗೆ ಕಳಿಸಿಯೇ ಕಳಿಸುತ್ತೇನೆ.

ಹೊಸ ಜಾಗಕ್ಕೆ ಹೋದ ಮೇಲೆ ಒಂದು ಸಂಜೆ ಹೆಂಡತಿ ಫೋನು ಮಾಡಿದರು.

"ಆ ಫೋಟೋ ಇನ್ನೂ ನಿಮ್ಮ ಹತ್ರ ಅದೇನ್ರಿ ಅಕ್ಕಾರ?"

ಇದೆ ಎಂದೆ. ಅದನ್ನು ನನ್ನ ವೆಬ್‌ಸೈಟಿನ ಮೊದಲ ಪುಟಕ್ಕೆ ಹಾಕುವ ಆಸೆ ನನಗಿತ್ತು, ಅದನ್ನು ಹೇಳಲು ಬಾಯಿ ಬರಲಿಲ್ಲ.

"ಭಾಳ ಛಲೋ ಬಂದದ್ರಿ. ಅಷ್ಟು ಛಲೋ ಅವರು ಯಾವ ಫೋಟೋದಾಗೂ ಬಂದಿಲ್ಲ. ಅದಕ್ಕ ನನಗ ಹೆದರಿಕಿ. ನನ್ನ ಇಮೇಲಿಂದು ಅಳಿಸೀನ್ರಿ, ನೀವೂ ಅಳಿಸಿಬಿಡ್ರಿ."

ಫೋನಿಡದೆ ಕಾದರು. ಕಳಿಸಿದ ಇಮೇಲಿನಿಂದ ಅಳಿಸಿದೆ, ಲ್ಯಾಪ್‌ಟಾಪಿನಿಂದ ಅಳಿಸಿದೆ, ಬ್ಯಾಕಪ್ ಡಿಸ್ಕ್ ತಂದು ಅದರಿಂದಲೂ ಅಳಿಸಿದೆ. ಒಂದು ಕ್ಷಣ ಆ ಕಣ್ಣುಗಳು ನನ್ನನ್ನೇ ನೋಡಿದವು, ಆಮೇಲೆ ಇರಲಿಲ್ಲ.

"ಆತೇನ್ರಿ?"

"ಆಯ್ತು."

"ಎಲ್ಲೂ ಇಲ್ಲಲ್ರಿ?"

"ಎಲ್ಲೂ ಇಲ್ಲ."

"ಸರಿ ಅಕ್ಕಾರ, ಇಡ್ತೀನಿ. ಊಟಕ್ಕ ಕೂತಾರ, ರೊಟ್ಟಿ ಹಾಕಬೇಕು."